ಬೀಗರಿಗಾಗಿ ಬೆಳೆದ ಕೊತ್ತಂಬರಿ

ಕೊತ್ತಂಬರಿ ಬೆಳೆಯುವುದೇನು ಬ್ರಹ್ಮವಿದ್ಯೆಯೇ? ಮಣ್ಣು ಹಾಕಬೇಕು, ಬೀಜ ಹಾಕಬೇಕು, ನೀರು ಹಾಕಬೇಕು. ಈ ಭಂಡಧೈರ್ಯದಲ್ಲೇ ನಾನು ಮಗಳ ಮದುವೆಯಲ್ಲಿ ಬಾಯಿ ಬಿಟ್ಟಿದ್ದು!

ನಿಡುಗಲ್ಲಿನ ನಮ್ಮ ಹೊಸ ಬೀಗರು ಕಡಲೆಕಾಯಿ ಬೆಳೆಯುವವರು. ಎಲೆಯ ಮುಂದೆ ಕೂತು, "ಏನ್ ಬೀಗ್ರೇ, ಮಧುಗಿರೀಲಿ ಸಾರಿಗಾಕೋ ಎಲ್ಡು ಎಳೆ ಕೊತ್ತಂಬ್ರೀನೂ ಅಂಗ್ಡಿಯಿಂದ್ಲೇ ತರ್ತೀರಂತೆ?" ಎಂದು ನಕ್ಕರು. ಪಂಕ್ತಿಯೆಲ್ಲ ನಕ್ಕಿತು. ನನಗೆ ಉರಿದುಹೋಯಿತು.

"ನಮ್ಮನೆಗೆ ಊಟಕ್ಕೆ ಬನ್ನಿ. ಮಹಡಿ ಮೇಲೆ ನಾನೇ ಬೆಳೆದ ಸೊಪ್ಪು ಬಡಿಸ್ತೀನಿ. ಇಲ್ದಿದ್ರೆ ಮೀಸೆ ಬೋಳಿಸ್ತೀನಿ!"

ಮೂವತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಅದು.

ಹೆಂಡತಿ ಗಿರಿಜಾ ಶಿರಾದ ತಂಗಿಯ ಮನೆಗೆ ಹೋಗಿದ್ದ ದಿನ ಶುಭಕಾರ್ಯಕ್ಕೆ ಕೈಹಾಕಿದೆ. ಹಳೇ ಪೇಂಟ್ ಡಬ್ಬ, ಸೋರುವ ಪ್ಲಾಸ್ಟಿಕ್ ಬಿಂದಿಗೆ, ಎಲ್ಲಕ್ಕೂ ಮಣ್ಣು ತುಂಬಿದೆ. ಅಡುಗೆಮನೆಯ ಸ್ಟೀಲ್ ಡಬ್ಬದಿಂದ ಧನಿಯ ತಂದು, ಪದ್ಧತಿಯಂತೆ ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿದೆ. ಘಮ್ಮೆಂದಿತು! ಎಂಥ ತಳಿ ಎಂದು ಹಿಗ್ಗಿ ಬಿತ್ತಿದೆ.

ವಾರ ಕಳೆಯಿತು. ಮೊಳಕೆಯಿಲ್ಲ. ಮಧುಗಿರಿ ಬೆಟ್ಟದ ಬಂಡೆಯ ಕಾವು ತಾಗಿರಬೇಕೆಂದು ಗಿರಿಜಾಳ ಸೀರೆಯಿಂದ ಚಪ್ಪರ ಕಟ್ಟಿದೆ. ಬೈಗುಳ ಬಂತು, ಮೊಳಕೆ ಬರಲಿಲ್ಲ. ಮಜ್ಜಿಗೆ ಸುರಿದೆ. ಬೆಕ್ಕು ಬಂತು, ಮೊಳಕೆ ಬರಲಿಲ್ಲ. ಬೀಗರ ಫೋನ್ ಬಂತು: "ಭಾನುವಾರ ಬತ್ತಾ ಇದೀವಿ. ಸೊಪ್ಪು ಹೆಂಗೈತೆ?"

"ಕಾಡಾಗಿದೆ!" ಎಂದೆ. ನಾಲಿಗೆಗೇನು ಮೂಳೆಯೇ?

ಶನಿವಾರ ಗಿರಿಜಾಳ ಮುಂದೆ ಎಲ್ಲ ಹೇಳಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಧನಿಯ ಯಾವ ಡಬ್ಬದ್ದು?"

"ಸ್ಟೀಲ್ ಡಬ್ಬದ್ದು."

"ಅಯ್ಯೋ ನಿಮ್ಮ! ಸಾರಿನಪುಡಿಗೆ ಹುರಿದಿಟ್ಟಿದ್ದು ಕಣ್ರೀ ಅದು!"

'ಹುರಿದ ಬೀಜಕ್ಕೆ ಮರುಹುಟ್ಟಿಲ್ಲ' ಎಂದು ಮಠದ ಪ್ರವಚನದಲ್ಲಿ ಕೇಳಿ, ಮುಂದಿನ ಸಾಲಿನಲ್ಲೇ ಕೂತು ತಲೆದೂಗಿದವನು ನಾನು!

ಭಾನುವಾರ ಬೆಳಿಗ್ಗೆ ಸಂತೆಗೆ ಓಡಿದೆ. ಬೇರಿದ್ದ ಕೊತ್ತಂಬರಿ ಕಟ್ಟುಗಳನ್ನು ತಂದು ಡಬ್ಬಗಳಲ್ಲಿ ನೆಟ್ಟೆ. ಕಟ್ಟು ಬಿಚ್ಚಿದರೆ ಎಳೆಗಳು ಒರಗುತ್ತಿದ್ದವು. ಹಾಗಾಗಿ ಕಟ್ಟಿನ ಸಮೇತ ನೆಟ್ಟು, ಬಾಳೆನಾರಿನ ಮೇಲೆ ಮಣ್ಣೆಳೆದೆ. ನೋಡಲು ಸಾಕ್ಷಾತ್ ನಂದನವನ!

ಬೀಗರು ಬಂದವರು ನೀರೂ ಕುಡಿಯದೆ ಮಹಡಿ ಹತ್ತಿದರು. "ಅಬ್ಬೋ, ಚಾನಾ ಬಾಗುಂದಿ!" ಎಂದು ಗಡಿಯ ತೆಲುಗಿನಲ್ಲಿ ಹೊಗಳಿದರು. ನಾನು ಮೀಸೆಯ ಮೇಲೆ ಕೈಯಿಟ್ಟೆ. ಅವರು ಒಂದು ಎಳೆ ಹಿಡಿದು ಎಳೆದರು.

ಇಡೀ ಕಟ್ಟೇ ಎದ್ದು ಬಂತು!

ಬೀಗರು ಬಾಳೆನಾರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೀಗ್ರೇ, ನಮ್ ಕಡೆ ಸೊಪ್ಪು ಕಿತ್ ಮ್ಯಾಲೆ ಕಟ್ತೀವಿ. ನಿಮ್ದು ಕಟ್ಕೊಂಡೇ ಹುಟ್ಟೈತಲ್ಲಾ!"

ಭೂಮಿ ಬಾಯಿಬಿಡಬಾರದೇ ಎನಿಸಿತು. ಪೇಂಟ್ ಡಬ್ಬದಲ್ಲಿ ಅಷ್ಟು ಜಾಗವಿರಲಿಲ್ಲ.

"ಮೀಸೆ ಇರ್ಲಿ ಬುಡಿ, ಪಾಪ" ಎಂದು ಬೀಗರು ದೊಡ್ಡ ಮನಸ್ಸು ಮಾಡಿದರು. ಆದರೆ ಗಿರಿಜಾ ಆಗಲೇ ಕನ್ನಡಿ ಹಿಡಿದು ನಿಂತಿದ್ದಳು. "ಊಟಕ್ಕೆ ಮುಂಚೆ ಬೋಳಿಸ್ಕೊತೀರೋ, ಆಮೇಲೋ?"

ಮುಂಚೆಯೇ ಆಯಿತು. ಸಾರು ಚೆನ್ನಾಗಿತ್ತಂತೆ, ನನಗೆ ರುಚಿ ತಿಳಿಯಲಿಲ್ಲ.

ಈಗ ಮಹಡಿಯ ಡಬ್ಬಗಳು ಖಾಲಿ. ಮೀಸೆ ಮಾತ್ರ ಮೆಲ್ಲಗೆ ಚಿಗುರುತ್ತಿದೆ. ಪುಣ್ಯಕ್ಕೆ, ಅದನ್ನು ಯಾರೂ ಹುರಿದಿರಲಿಲ್ಲ.