ಮಾವನ ತಂಬಿಗೆ, ಸೇಠರ ಚಹಾ

ನಮ್ಮ ಸೋದರಮಾವ ಹೋಟೆಲಿನ ನೀರು ಮುಟ್ಟಿದವರಲ್ಲ. ಈ ಸಂಗತಿಯನ್ನು ಅವರು ನನಗೆ ಹೇಳುತ್ತಿದ್ದುದು ಮಾತ್ರ ಯಾವಾಗಲೂ ಹೋಟೆಲಿನಲ್ಲಿ ಕುಳಿತುಕೊಂಡೇ!

ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ವಾರಕ್ಕೊಮ್ಮೆ ಹಣ್ಣಿನ ಬುಟ್ಟಿಗಳ ಜೊತೆಗೆ ಮೋಟಾರು ಹತ್ತಿ ಗುಲಬರ್ಗಾಕ್ಕೆ ಬರುತ್ತಿದ್ದರು. ನಾನಾಗ ಅಲ್ಲಿ ಹೊಸದಾಗಿ ಶಾಲಾ ಮಾಸ್ತರನಾಗಿದ್ದೆ. ಹಣ್ಣು ಮಾರಿ ಮುಗಿದೊಡನೆ ನನ್ನ ಕೋಣೆಗೆ ಬಂದು, ಸ್ಟೇಶನ್ ಬಜಾರದ ಕಡೆ ಸುಮ್ಮನೆ ಕಾಲಾಡಿಸಿ ಬರೋಣ ಎನ್ನುವರು. ಸುಮ್ಮನೆ ಆಡಿದ ಆ ಕಾಲುಗಳು ಪ್ರತಿ ಸಲವೂ ಇರಾಣಿ ಸೇಠರ ಹೋಟೆಲಿನ ಮೆಟ್ಟಿಲನ್ನೇ ಹತ್ತಿರುತ್ತಿದ್ದವು. ಸಂಜೆಯಾದರೆ ಎತ್ತಿಗೆ ಕೊಟ್ಟಿಗೆಯ ದಾರಿ ಯಾರಾದರೂ ಹೇಳಿಕೊಡಬೇಕೆ?

ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ. ಅದರ ತುಂಬ ಮನೆಯ ಬಾವಿಯ ನೀರು. ಅದಕ್ಕೆ ಕಾರಣವಿತ್ತು. ಊರ ಮಠದಲ್ಲಿ ಊಟಕ್ಕೆ ಕೂತಾಗ ಹಿರಿಯರ ಸಾಲಿನಲ್ಲಿ ಮೊದಲ ಜಾಗ ಮಾವನದು. ಹೊರಗಿನವರ ಕೈಯ ನೀರು ಕುಡಿದವರಿಗೆ ಆ ಸಾಲಿನಲ್ಲಿ ಜಾಗವಿಲ್ಲ. ತೋಟ ಹೋದರೂ ಮಾವ ತಡೆದುಕೊಂಡಾರು, ಆ ಜಾಗ ಹೋದರೆ ತಡೆದುಕೊಳ್ಳುವವರಲ್ಲ. ಹಾಗಾದರೆ ಚಹಾ ಹೇಗೆ ನಡೆಯುತ್ತದೆ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಚಹಾ ನೀರಲ್ಲೋ ಅಳಿಯಾ. ಕುದ್ದು ಕುದ್ದು ಅದರ ಜಾತಿ ಹೋಗಿರ್ತದ" ಎಂದರು.

ಎಂಥ ಶಾಸ್ತ್ರ! ಆದರೂ ಮನಸ್ಸಿನ ಮೂಲೆಯಲ್ಲಿ ಅಳುಕಿತ್ತೆಂದು ಕಾಣುತ್ತದೆ. ಚಹಾ ಸುರುವಿಕೊಂಡ ಬಸಿಯನ್ನು ತುಟಿಗೆ ತಾಗಿಸುತ್ತಿರಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಸುಡುಸುಡು ಚಹಾ ಮೇಲಿನಿಂದ ಬಾಯಿಗೆ ಹೊಯ್ದುಕೊಳ್ಳುವರು. ಅರ್ಧ ಮಾವನಿಗೆ, ಅರ್ಧ ಮಾವನ ಧೋತರಕ್ಕೆ. ಆಮೇಲೆ ತಂಬಿಗೆಯ ಬಟ್ಟೆ ಬಿಚ್ಚಿ, ಮನೆಯ ನೀರು ಕುಡಿದು ಶುದ್ಧರಾಗುವರು.

ಮೊದಲ ದಿನ ನಡೆದದ್ದನ್ನು ಹೇಳಬೇಕು. ಇರಾಣಿ ಹೋಟೆಲಿನಲ್ಲಿ ಕೇಳದಿದ್ದರೂ ಬಿಸ್ಕೀಟಿನ ತಟ್ಟೆ ತುಂಬಿ ತಂದಿಡುತ್ತಾರೆ. ಬೇಕಾದಷ್ಟು ತಿಂದು ಉಳಿದದ್ದನ್ನು ಬಿಟ್ಟರಾಯಿತು, ತಿಂದದ್ದಕ್ಕೆ ಮಾತ್ರ ಲೆಕ್ಕ. ಇದು ನಮಗಾದರೂ ಎಲ್ಲಿ ಗೊತ್ತು? ಮಾವನ ಮನೆಯಲ್ಲಿ ತಟ್ಟೆಗೆ ಬಿದ್ದದ್ದು ಪ್ರಸಾದ, ಅಗುಳು ಬಿಟ್ಟರೂ ಪಾಪ. ಮಾವ ಭಕ್ತಿಯಿಂದ ತಟ್ಟೆ ಖಾಲಿ ಮಾಡಿದರು. ಖಾಲಿಯಾದದ್ದನ್ನು ಕಂಡು ಹೋಟೆಲಿನವನು ಮತ್ತೊಂದು ತುಂಬಿ ತಂದಿಟ್ಟ. ಮಾವ ಬೆವರುತ್ತ ಅದನ್ನೂ ಮುಗಿಸಿದರು. ಅವನು ಮತ್ತೆ ತಟ್ಟೆ ಹಿಡಿದು ಬರುವುದನ್ನು ಕಂಡದ್ದೇ ಎದ್ದು ಹೋಗಿ, ದುಡ್ಡಿನ ಗಲ್ಲೆಯ ಮೇಲೆ ಕುಳಿತಿದ್ದ ಸೇಠರಿಗೆ ಕೈ ಮುಗಿದರು. "ಸೇಠಜೀ, ನಿಮ್ಮ ಪ್ರೀತಿ ದೊಡ್ಡದದ. ನನ್ನ ಹೊಟ್ಟಿ ಸಣ್ಣದದರಿ."

ಸೇಠರು ಟೋಪಿ ಜಾರಿ ಬೀಳುವಷ್ಟು ನಕ್ಕರು. ಅಂದಿನಿಂದ ಇಬ್ಬರಿಗೂ ದೋಸ್ತಿ. ಪ್ರತಿವಾರ ಗಲ್ಲೆಯ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಬಂದು ಕೂರತೊಡಗಿತು.

ದೋಸ್ತಿಯಾದ ಮಾತ್ರಕ್ಕೆ ಮಾವನ ದೊಡ್ಡಸ್ತಿಕೆ ಕಡಿಮೆಯಾಗುತ್ತದೆಯೇ? ಈ ಹೋಟೆಲಿಗೆ ಅಣ್ಣತಮ್ಮಂದಿರಿದ್ದರು. ಹೈದರಾಬಾದಿನದು ಸೇಠರ ಅಣ್ಣನದು, ವಾಡಿ ಜಂಕ್ಷನ್ನಿನದು ಅವರ ಭಾವಮೈದುನನದು. ಮೂರೂ ಕಡೆ ಅದೇ ಬೋರ್ಡು, ಅದೇ ಸಂಗಮರವರಿ ಕಲ್ಲಿನ ಮೇಜು, ಅದೇ ಚಹಾ. ಅದೇ ಚಹಾ ಎಂದರೆ ಮಾವ ಒಪ್ಪಬೇಕಲ್ಲ! ವಾಡಿಯ ಚಹಾಕ್ಕೆ ಗಾಡಿ ಹಿಡಿಯುವ ಗಡಿಬಿಡಿಯ ರುಚಿಯಂತೆ. ಗುಲಬರ್ಗಾದ್ದು ಬಡವರಿಗೆ ಅಡ್ಡಿಯಿಲ್ಲವಂತೆ. ಚಹಾ ಎಂದರೆ ಹೈದರಾಬಾದಿನದೇ ಅಂತೆ. ಅಲ್ಲಿ ಆಳೆತ್ತರದ ಕನ್ನಡಿಯ ಮುಂದೆ ಕುಳಿತು ಕುಡಿಯಬೇಕಂತೆ. ಪಕ್ಕದ ಮೇಜಿನವರಿಗೆಲ್ಲ ಇದೇ ಉಪನ್ಯಾಸ. ಸೇಠರು ಗಡ್ಡ ನೀವಿಕೊಳ್ಳುತ್ತ ಕೇಳಿಸಿಕೊಳ್ಳುವರು.

ಒಮ್ಮೆ ಕಮಲಾಪುರಕ್ಕೆ ಹೋದಾಗ ಮಾವನ ಹೈದರಾಬಾದ್ ಪ್ರಯಾಣದ ಬಗ್ಗೆ ಅತ್ತೆಯನ್ನು ಕೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಎಲ್ಲೀ ಹೈದರಾಬಾದೋ ಯಪ್ಪಾ. ವಾಡ್ಯಾಗ ಚಹಾ ಕುಡಕೋತ ಕುಂತು ಗಾಡಿ ತಪ್ಪಿಸ್ಕೊಂಡು ಹೊಳ್ಳಿ ಬಂದಾರ."

ನಾನು ಈ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಆಮೇಲೆ ಕಾಲ ಕೆಟ್ಟಿತು. ರಜಾಕಾರರ ಭಯಕ್ಕೆ ನಮ್ಮವರ ಕದಗಳು ಹಗಲಿನಲ್ಲೇ ಮುಚ್ಚಿದವು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದಾಗ ಭಯ ಮನೆ ಬದಲಾಯಿಸಿತು. ಈಗ ಮುಸಲ್ಮಾನರ ಕದಗಳು ಮುಚ್ಚಿದವು. ಚಹಾ ಕಾಸುವುದು ಬಿಟ್ಟರೆ ಬೇರೇನೂ ಅರಿಯದ ಸೇಠರ ಹೋಟೆಲೂ ಬಹಳ ದಿನ ಬಂದ್ ಆಗಿತ್ತು. ಗಲಾಟೆ ತಣ್ಣಗಾಗಿ ಮತ್ತೆ ತೆರೆದಾಗ ಒಳಗೆ ನೊಣವೂ ಇರಲಿಲ್ಲ. ಹಳೆಯ ಗಿರಾಕಿಗಳೆಲ್ಲ ಎದುರಿನ ಬೇವಿನ ಮರದ ಕೆಳಗೆ ನಿಂತು ನೋಡುವರು. ಮೊದಲು ಒಳಗೆ ಹೋಗುವವರು ಯಾರು?

ನಿಂತಿದ್ದ ಮೋಟಾರು ಮತ್ತೆ ಶುರುವಾದ ವಾರವೇ ಮಾವ ಬಂದರು. ಕೈಯಲ್ಲಿ ತಂಬಿಗೆ, ಬಾಳೆಹಣ್ಣು. ಬೇವಿನ ಮರದ ಕೆಳಗಿನ ಗುಂಪಿನಲ್ಲಿ ಕಮಲಾಪುರದ ಮಠದ ಹಿರಿಯರೊಬ್ಬರೂ ಇದ್ದರು. ಮಾವ ಅವರಿಗೆ ನಮಸ್ಕಾರ ಮಾಡಿ, ನೇರವಾಗಿ ಮೆಟ್ಟಿಲು ಹತ್ತಿದರು. ನಾನು ಹಿಂದೆ ಹೋದೆ.

ಸೇಠರು ತಾವೇ ಚಹಾ ತಂದಿಟ್ಟರು. ಸೊರಗಿದ್ದರು. ಇಲ್ಲಿ ಇನ್ನು ನಡೆಯುವುದಿಲ್ಲ, ಅಣ್ಣ ಹೈದರಾಬಾದಿಗೆ ಕರೆದಿದ್ದಾರೆ, ಈ ವಾರ ಬೋರ್ಡು ಇಳಿಸುತ್ತೇನೆ ಎಂದರು. "ನಿಮಗೇನ್ರಿ ಸಾವ್ಕಾರ್ರ, ಖರೇ ಚಹಾ ಅಲ್ಲೇ ಅದ. ಅಲ್ಲೇ ಬರ್ರಿ" ಎಂದು ನಗಲು ನೋಡಿದರು.

ಮಾವ ಚಹಾದ ಬಸಿಯನ್ನು ಪಕ್ಕಕ್ಕೆ ಸರಿಸಿದರು.

"ಸೇಠಜೀ, ನಾ ಹೈದರಾಬಾದ್ ನೋಡೇ ಇಲ್ರಿ" ಎಂದರು.

"ಗೊತ್ತದರಿ. ಅಣ್ಣನ ಹೋಟಲದಾಗ ಕನ್ನಡೀನೇ ಇಲ್ಲ."

ಇಷ್ಟು ವರ್ಷ ಗೊತ್ತಿದ್ದೂ ಆ ಮನುಷ್ಯ ಗಿರಾಕಿಗಳ ಎದುರು ಮಾವನ ಮಾನ ಕಾಯ್ದಿದ್ದರು! ಮಾವನ ಮುಖ ಕೆಂಪಾಯಿತು. ಮೇಜಿನ ಮೇಲಿದ್ದ ತಂಬಿಗೆಯನ್ನು ಎತ್ತಿ ಕುರ್ಚಿಯ ಕೆಳಗಿಟ್ಟರು. ಆಮೇಲೆ ಬೀದಿಯವರಿಗೆ ಕೇಳಿಸುವ ಹಾಗೆ ದನಿ ಎತ್ತಿದರು.

"ನನ್ನ ಮುಂದ ನೀರು ಯಾಕ ಇಟ್ಟಿಲ್ಲರಿ?"

ಸೇಠರು ತಂಬಿಗೆಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿದರು. ತಾವೇ ಗ್ಲಾಸು ತುಂಬಿ ತಂದರು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಹಚ್ಚಿ, ನಿಧಾನವಾಗಿ ಪೂರಾ ಕುಡಿದರು. ಬೇವಿನ ಮರದ ಕೆಳಗಿನವರೆಲ್ಲ ನೋಡುತ್ತಿದ್ದರು. ಮಾವ ಆ ಕಡೆ ತಿರುಗಿ, ಹೊರಗೆ ಯಾಕೆ ನಿಂತೀರಿ, ಒಳಗೆ ನೀರು ತಂಪಾಗಿದೆ ಬನ್ನಿ ಎಂದು ಕರೆದರು. ಮಠದ ಹಿರಿಯರು ಮುಖ ತಿರುಗಿಸಿ ಹೊರಟುಹೋದರು. ಆದರೆ ಒಬ್ಬ ಟಾಂಗಾದವನು ಬಂದ. ಅವನ ಹಿಂದೆ ಸ್ಟೇಶನ್ನಿನ ಹಮಾಲರು ಬಂದರು. ಮೇಜಿನ ಮೇಲೆ ಬಿಸ್ಕೀಟಿನ ತಟ್ಟೆಗಳು ಕಾಣಿಸಿಕೊಂಡವು. ಆ ವಾರ ಬೋರ್ಡು ಇಳಿಯಲಿಲ್ಲ, ಮುಂದೆಯೂ ಇಳಿಯಲಿಲ್ಲ.

ಅದಾದ ಮೇಲೆ ಮಠದಲ್ಲಿ ಊಟವಿದ್ದಾಗ ನಾನೂ ಹೋಗಿದ್ದೆ. ಯಾರೂ ಹೇಳುವ ಮೊದಲೇ ಮಾವ ಹಿರಿಯರ ಸಾಲು ದಾಟಿ, ಬಾಗಿಲ ಹತ್ತಿರದ ಕೊನೆಯ ಸಾಲಿನ ತುದಿಗೆ ಹೋಗಿ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ. ಹುಗ್ಗಿ ಬಡಿಸಿದರು, ನೀರು ಇಟ್ಟರು. ಮಾವ ಒಂದು ಗುಟುಕು ಕುಡಿದು, ನನ್ನ ಕಿವಿಯ ಬಳಿ ಬಾಗಿದರು.

"ನೀರು ಅಡ್ಡಿಯಿಲ್ಲ ಅಳಿಯಾ. ಆದ್ರ ಸೇಠರ ಹೋಟಲದ್ದರ ಹಂಗಿಲ್ಲ."

ನಾನು ತಲೆ ತಗ್ಗಿಸಿ ಹುಗ್ಗಿ ತಿಂದೆ. ನನ್ನ ಕಣ್ಣು ತುಂಬಿದ್ದು ಅವರಿಗೆ ಕಾಣಬಾರದಿತ್ತು.