ನಾಲ್ಕಡಿಯ ಐದಡಿ ಟ್ಯಾಂಕು

ಯಾರು ಯಾವ ಲೆಕ್ಕ ಕೇಳಿದರೂ ಮೊದಲ ಮಾತಿಗೇ ನಿಜ ಹೇಳುವ ಅಭ್ಯಾಸ ನನಗಿಲ್ಲ. ಅದು ಸುಳ್ಳಲ್ಲ, ಚೌಕಾಸಿಗೆ ಬಿಟ್ಟುಕೊಂಡ ಜಾಗ. ಒಬ್ಬರು ಇಳಿಸಿ ಹೇಳಬೇಕು, ಇನ್ನೊಬ್ಬರು ಏರಿಸಿ ಹೇಳಬೇಕು, ಆಮೇಲೆ ಇಬ್ಬರೂ ನಡುವೆ ಎಲ್ಲೋ ಸೇರಿ ಸಂತೋಷವಾಗಿ ಮನೆಗೆ ಹೋಗಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಬಿಟಿಎಂ ಲೇಔಟಿನಲ್ಲಿ ಸ್ವಂತ ಕಟ್ಟಡ ಎಬ್ಬಿಸಿದ್ದು ಈ ಜಾಗದಲ್ಲೇ. ಹೊಸದಾಗಿ ಮನೆ ಕಟ್ಟುವವರಿಗೆ, ಅವರು ಕೇಳದಿದ್ದರೂ, ನಾನು ಹೇಳುವ ಬುದ್ಧಿಮಾತೂ ಇದೇ.

ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ರಚನಾ, ಸುಷ್ಮಾ ಇಬ್ಬರೂ ಇಂಜಿನಿಯರಿಂಗ್ ಹುಡುಗಿಯರು. ಒಂದು ಭಾನುವಾರ ಬಂದು, "ಅಂಕಲ್, ಕಾಲೇಜಿಗೆ ಐಒಟಿ ಪ್ರಾಜೆಕ್ಟ್ ಮಾಡ್ಬೇಕು. ನಿಮ್ಮ ತಾರಸಿಯ ನೀರಿನ ಟ್ಯಾಂಕಿಗೇ ಮಾಡ್ಬಹುದಾ?" ಎಂದರು. ಮುಚ್ಚಳದ ಒಳಗೆ ಒಂದು ಸೆನ್ಸರ್ ಕೂರಿಸುತ್ತಾರಂತೆ. ಅದು ಅಲ್ಲಿಂದ ನೀರಿನವರೆಗೆ ಎಷ್ಟು ಖಾಲಿ ಎಂದು ಅಳೆಯುತ್ತದೆ; ಟ್ಯಾಂಕಿನ ಆಳದಲ್ಲಿ ಅದನ್ನು ಕಳೆದರೆ ಮಿಕ್ಕಿದ್ದು ನೀರು; ಆ ಲೆಕ್ಕ ವೈಫೈಯಲ್ಲಿ ಫೋನಿಗೆ ಬರುತ್ತದೆ. ನಾನು ಬಿಡುತ್ತೇನೆಯೇ? ಮಾರ್ಕ್ಸ್ ಬಂದ ಮೇಲೂ ಯಂತ್ರ ಇಲ್ಲೇ ಇರಬೇಕು ಎಂದು ಷರತ್ತು ಹಾಕಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು ತಕ್ಷಣ ಒಪ್ಪಿದರು. ಎದುರಿನವರು ತಕ್ಷಣ ಒಪ್ಪಿದರೆ ಸೋತವರು ನಾವೇ ಎಂದು ಊರಿಗೆಲ್ಲ ಹೇಳುವ ನಾನು ಅವತ್ತು ಗೆದ್ದ ಖುಷಿಯಲ್ಲಿ ಎರಡನೇ ಕಾಫಿ ಕುಡಿದೆ.

ಹೊರಡುವಾಗ ಸುಷ್ಮಾ, "ಟ್ಯಾಂಕ್ ಎಷ್ಟು ಆಳ ಇದೆ ಅಂಕಲ್?" ಎಂದಳು. ಬಾಡಿಗೆಯವರು ಟ್ಯಾಂಕಿನ ಆಳ ವಿಚಾರಿಸುವುದು ಇನ್ನಷ್ಟು ಹೊತ್ತು ನೀರು ಬಿಡಿ ಎಂದು ಕೇಳುವುದಕ್ಕೆ ಪೀಠಿಕೆ. "ಎಲ್ಲಿಯ ಆಳಮ್ಮಾ, ನಾಲ್ಕಡಿ ಇದ್ದರೆ ಹೆಚ್ಚು," ಎಂದುಬಿಟ್ಟೆ. ಓನರ್ ಮಾತು ಎಂದು ಅವರು ಅದನ್ನೇ ಪ್ರೋಗ್ರಾಮಿನಲ್ಲಿ ಬರೆದುಕೊಂಡರು. ತುಂಬಿದ ಟ್ಯಾಂಕಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಕಾಲೇಜಿನ ಮೇಡಂ ಬಂದು ನೋಡುವ ದಿನ ನೀರು ತಳ ಸೇರಿತ್ತು. ಕಟ್ಟಡದ ಎಲ್ಲರೂ ಅವತ್ತೇ ಬಟ್ಟೆ ಒಗೆದಿದ್ದರು. ಮೇಡಂ ಬರುವುದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ತಾರಸಿಗೆ ಹೋದರೆ ಹುಡುಗಿಯರ ಫೋನು ಮೈನಸ್ ಹನ್ನೆರಡು ಪರ್ಸೆಂಟ್ ತೋರಿಸುತ್ತಿತ್ತು.

"ವೈರ್ ಲೂಸ್ ಇರ್ಬೇಕು ನೋಡೇ."

"ಎಷ್ಟ್ ಸಲ ನೋಡ್ಲಿ? ಸೆನ್ಸರ್ ಕೂಡ ಬದಲಾಯಿಸ್ದೆ. ಇದಾಗ್ಲಿಲ್ಲ ಅಂದ್ರೆ ಮಾರ್ಕ್ಸ್ ಹೋಯ್ತು ಕಣೆ," ಎಂದಳು ರಚನಾ.

"ಅಗ್ಗದ ಮಾಲು ತಂದ್ರೆ ಹಿಂಗೇ ಕಣಮ್ಮಾ," ಎಂದು ನಾನು ಬುದ್ಧಿ ಹೇಳಿದೆ.

"ಸೆನ್ಸರ್ ಸರಿಯಾಗಿದೆ ಅಂಕಲ್," ಎಂದಳು ಸುಷ್ಮಾ. " ನಾಲ್ಕೂವರೆ ಅಡಿ ಖಾಲಿ ಅಂತಿದೆ. ನಾಲ್ಕಡಿ ಟ್ಯಾಂಕಲ್ಲಿ ನಾಲ್ಕೂವರೆ ಅಡಿ ಖಾಲಿ ಹೆಂಗಿರುತ್ತೆ?"

ನಾನು ಗಂಟಲು ಸರಿ ಮಾಡಿಕೊಂಡೆ. "ಐದು ಅಂತ ಹಾಕಿ ನೋಡಮ್ಮ."

"ನಾಲ್ಕು ಅಂದಿದ್ರಲ್ಲ?"

"ಅದು ಚೌಕಾಸಿಗೆ. ಫೈನಲ್ ಐದು."

ಸುಷ್ಮಾ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಐದು ಎಂದು ಹಾಕಿದ ಮೇಲೆ ಫೋನು ಹತ್ತು ಪರ್ಸೆಂಟಿಗೆ ಬಂದು ಮರ್ಯಾದೆಯಾಗಿ ನಿಂತಿತು. ಮೇಡಂ ಬಂದಾಗ ನಾನೇ ಓಡಿ ಮೋಟಾರ್ ಹಾಕಿದೆ. ಅಂಕಿ ಮೆಲ್ಲಗೆ ಏರುವುದನ್ನು ನೋಡಿ ಅವರು ತಲೆದೂಗಿದರು. ಹುಡುಗಿಯರಿಗೆ ಒಳ್ಳೆಯ ಮಾರ್ಕ್ಸೇ ಬಂತು.

ಯಂತ್ರವೂ ಷರತ್ತಿನಂತೆ ಇಲ್ಲೇ ಉಳಿಯಿತು. ಅದರ ಲೆಕ್ಕ ಮಾತ್ರ ಈಗ ಕಟ್ಟಡದ ಎಲ್ಲರ ಫೋನಿಗೂ ಹೋಗುತ್ತದೆ. ಅವತ್ತು ಮುಖ ಮುಖ ನೋಡಿಕೊಂಡಿದ್ದು ಇದಕ್ಕೇ. ನಾನು ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, "ನೀರಿಲ್ಲ, ಖಾಲಿ," ಎಂದರೆ ಮೇಲಿನಿಂದ, "ಅಂಕಲ್, ಎಂಬತ್ತು ಇದೆ," ಎಂದು ಉತ್ತರ ಬರುತ್ತದೆ. ನಿಜ ಹೇಳಬೇಕೆಂದರೆ ಜಗಳ ಕಡಿಮೆಯಾಗಿದೆ, ಮಧ್ಯಾಹ್ನ ನಿದ್ದೆ ಚೆನ್ನಾಗಿ ಬರುತ್ತಿದೆ.

ನನ್ನ ಹೆಂಡತಿಗೆ ಇದರಿಂದ ಹೊಸ ಆಸೆ ಹುಟ್ಟಿದೆ. "ರೀ, ಆ ಹುಡುಗೀರಿಗೆ ಹೇಳಿ, ನಿಮ್ಮ ತಲೆ ಮೇಲೂ ಒಂದು ಕೂರಿಸ್ಲಿ. ನೀವು ಹೇಳೋದ್ರಲ್ಲಿ ನಿಜ ಎಷ್ಟು ಪರ್ಸೆಂಟು ಅಂತ ನನ್ನ ಫೋನಿಗೆ ಬರ್ಲಿ," ಎಂದಳು.

ನಾನು ಎಪ್ಪತ್ತರಿಂದ ಶುರು ಮಾಡಿದೆ. ಅವಳು ನಲವತ್ತಕ್ಕಿಂತ ಮೇಲೆ ಬರುತ್ತಿಲ್ಲ.