‘ಔಷಧಿ’ ಎಂದು ಅಚ್ಚು ಹಾಕಿಸಿದವರಿಗೆ, ಒಂದು ಗೋಸುಂಬೆಯ ಪರವಾಗಿ

ಗಿಡಗಳ ಔಷಧಿ ತಯಾರಿಸುವ ಕಾರ್ಖಾನೆಯಲ್ಲಿ ಬಾಟಲಿಯ ಮೇಲಿನ ಬರಹ ಬರೆಯುವ ಘನ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಮನೆಮಂದಿಯೂ, ತಮ್ಮ ಕುಂಡದ ಗಿಡಗಳೂ, ಆ ಗಿಡಗಳನ್ನೇ ನಂಬಿ ಸಂಸಾರ ಹೂಡಿರುವ ಹುಳಹುಪ್ಪಟೆಗಳೂ ಕ್ಷೇಮವೆಂದು ಭಾವಿಸಿ, ತಲೆಬಾಗಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಇಪ್ಪತ್ತಾರು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿರುವವನು. ಕೋಳಿ ಕೆದರಿದಂಥ ವೈದ್ಯರ ಕೈಬರಹವನ್ನು ಓದಿ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ತಿಳಿಹೇಳಿ ಕಳಿಸುವ ನನ್ನಂಥವನಿಗೆ ಮಂಕುಬೂದಿ ಎರಚುವುದು ಸಾಮಾನ್ಯ ಬರಹಗಾರರಿಂದ ಆಗದ ಕೆಲಸ. ತಾವು ಅದನ್ನು ಒಂದೇ ಪದದಲ್ಲಿ ಮಾಡಿ ಮುಗಿಸಿದ್ದೀರಿ. ಆ ಪದ ‘ಔಷಧಿ’.

ನಡೆದದ್ದನ್ನು ಅರಿಕೆ ಮಾಡುತ್ತೇನೆ. ನನ್ನ ಹೆಂಡತಿಯ ತಾಯಿ, ಭೂಗೋಳ ಪಾಠ ಮಾಡಿ ನಿವೃತ್ತರಾದ ನಮ್ಮ ಅತ್ತೆಯವರು, ಕಳೆದ ವರ್ಷ ನಮ್ಮಲ್ಲಿರಲು ಬಂದಾಗ ಎರಡು ಪೆಟ್ಟಿಗೆ ಬಟ್ಟೆಯ ಜೊತೆ ಒಂದು ಗೋಸುಂಬೆಯನ್ನೂ ತಂದರು. ಅದಕ್ಕೆ ಅವರಿಟ್ಟ ಹೆಸರು ದೊರೆ. ಆಳೆತ್ತರದ ಜಾಲರಿ ಗೂಡು, ಒಳಗೊಂದು ದಾಸವಾಳ, ಒಂದು ಮನಿ ಪ್ಲಾಂಟಿನ ಬಳ್ಳಿ, ಮೇಲೊಂದು ದೀಪ ಎಂದು ದೊರೆಯ ಸಂಸ್ಥಾನ ಬೆಳೆದು, ಕಿಟಕಿಯ ಪಕ್ಕದ ನನ್ನ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಹೋಯಿತು. ಅತ್ತೆಯವರು ನನ್ನನ್ನು ಹತ್ತೊಂಬತ್ತು ವರ್ಷಗಳಿಂದ ‘ನೋಡೋಣ, ಇನ್ನೂ ಕಾಲವಿದೆ’ ಎಂಬಂತೆ ನೋಡಿಕೊಂಡು ಬಂದವರಾದ್ದರಿಂದ ನಾನು ತುಟಿ ಪಿಟಕ್ಕೆನ್ನಲಿಲ್ಲ.

ದೊರೆ ಬಟ್ಟಲಿನಿಂದ ನೀರು ಕುಡಿಯುವುದಿಲ್ಲ. ಎಲೆಗಳ ಮೇಲೆ ನೀರು ಚಿಮುಕಿಸಿದರೆ ಹನಿಹನಿಯಾಗಿ ನೆಕ್ಕಿ ಬಾಯಾರಿಕೆ ತೀರಿಸಿಕೊಳ್ಳುತ್ತದೆ. ಈ ಮಾತನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಆ ದಾಸವಾಳಕ್ಕೆ ಹಿಟ್ಟು ತಿಗಣೆ ಬಿತ್ತು. ಎಲೆಯ ಕಂಕುಳಲ್ಲೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ಹುಳುಗಳು ಕೂತವು. ಅತ್ತೆಯವರು ಹತ್ತಿ ಸುತ್ತಿದ ಕಡ್ಡಿಯನ್ನು ನೀರಿನಲ್ಲಿ ಅದ್ದಿ, ದಿನವೂ ಒಂದೊಂದನ್ನೇ ಒರೆಸಿ ತೆಗೆಯುತ್ತಿದ್ದರು. ಇದನ್ನು ಕಂಡು ಒಳಗೊಳಗೇ ನಕ್ಕು ನರ್ಸರಿಯಿಂದ ತಮ್ಮ ಬಾಟಲಿ ತಂದು ಕಪಾಟಿನಲ್ಲಿಟ್ಟವನು ನಾನೇ. ಅತ್ತೆಯವರು ಅದನ್ನು ಮುಟ್ಟಲಿಲ್ಲ. ಅದರ ಮುಂಭಾಗದಲ್ಲಿ ‘ಗಿಡಗಳ ಔಷಧಿ, ಸಂಪೂರ್ಣ ಸುರಕ್ಷಿತ’ ಎಂದು ಹೆಬ್ಬೆರಳಿನ ಗಾತ್ರದ ಅಕ್ಷರಗಳೂ, ಹಿಂಭಾಗದಲ್ಲಿ ‘ಮಕ್ಕಳು, ಸಾಕುಪ್ರಾಣಿಗಳು, ಮೀನು ಮತ್ತು ಆಹಾರದಿಂದ ದೂರವಿಡಿ’ ಎಂದು ಇರುವೆ ಸಾಲಿನಂಥ ಅಕ್ಷರಗಳೂ ಇವೆ. ಎರಡನ್ನೂ ಬರೆದ ಕೈ ಒಂದೇ ಆಗಿದ್ದರೆ, ಬಣ್ಣ ಬದಲಿಸುವ ವಿದ್ಯೆಯಲ್ಲಿ ದೊರೆ ತಮ್ಮಲ್ಲಿ ಪಾಠಕ್ಕೆ ಕೂರಬೇಕು.

ಕಳೆದ ತಿಂಗಳು ಅತ್ತೆಯವರು ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಸೇರಿದರು. ಹೆಂಡತಿ ಅವರ ಜೊತೆಗಿದ್ದಳು. ಅತ್ತೆಯವರು ಗೂಡಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದರು: ‘ಬೆಳಿಗ್ಗೆ ಔಷಧಿ ಹಾಕಿ. ಕಪಾಟಿನಲ್ಲಿದೆ.’ ಅವರು ಹೇಳಿದ್ದು ದೊರೆಯ ಬಾಯಿಗೆ ಎರಡು ಹನಿ ಹಾಕಬೇಕಾದ, ಪ್ರಾಣಿವೈದ್ಯೆ ಕೊಟ್ಟ ಪುಟ್ಟ ಸೀಸೆಯ ವಿಚಾರ. ನಾನು ಕಪಾಟು ತೆರೆದೆ, ‘ಔಷಧಿ’ ಎಂದು ಕೂಗಿ ಕರೆಯುತ್ತಿದ್ದ ತಮ್ಮ ಬಾಟಲಿ ಎತ್ತಿಕೊಂಡೆ, ಅತ್ತೆಯವರು ಕೊನೆಗೂ ನನ್ನ ದಾರಿಗೆ ಬಂದರೆಂದು ಹಿಗ್ಗಿ, ದೊರೆ ಒಳಗಿದ್ದಂತೆಯೇ ಒಂದೆಲೆಯನ್ನೂ ಬಿಡದೆ ಸಿಂಪಡಿಸಿದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಹೊತ್ತಿಗೆ ಒಕ್ಕಾಲು ಮಾತ್ರ ಇತ್ತು.

ಸಾಲದೆಂದು ಅತ್ತೆಯವರಿಗೆ ಫೋನ್ ಮಾಡಿ ಔಷಧಿ ಹಾಕಿದೆನೆಂದು ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಎಲೆಗೂ ಬಳ್ಳಿಗೂ ಎಲ್ಲಕ್ಕೂ ಆಯಿತೆಂದೆ. ಆಮೇಲೆ ಅತ್ತೆಯವರು ಮೆಲ್ಲಗೆ, “ಯಾವ ಔಷಧಿ ಹಾಕಿದ್ರಿ?” ಎಂದರು. ಆಗ ಬಾಟಲಿ ತಿರುಗಿಸಿ ಹಿಂಭಾಗ ಓದಿದೆ, ಮಾನ್ಯರೇ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಆ ಹೆಂಗಸು, ಭೂಪಟದ ಮೇಲೆ ನದಿ ತೋರಿಸುವಂತೆ ಒಂದೊಂದೇ ಹೇಳಿ ನನ್ನಿಂದ ಕೆಲಸ ಮಾಡಿಸಿದರು. ದೊರೆಯನ್ನು ಹೊರಗೆ ತೆಗೆದು, ಉಗುರುಬೆಚ್ಚಗಿನ ನೀರು ಹರಿಸಿ ಮೈ ತೊಳೆದು, ಬರಿ ಕಾಗದ ಹಾಸಿದ ಡಬ್ಬಿಯಲ್ಲಿಟ್ಟು ವೈದ್ಯೆಯ ಬಳಿ ಓಡಿದೆ. ಹೊಟ್ಟೆಗೆ ಎಷ್ಟು ಹೋಗಿದೆಯೋ ಗೊತ್ತಿಲ್ಲ, ಕಾದು ನೋಡಬೇಕು ಎಂದರು ಅವರು. ಮರಳಿ ಬಂದು ಗಿಡಗಳನ್ನು ಮಹಡಿಗೆ ಸಾಗಿಸಿದೆ, ಗೂಡನ್ನು ಮೂಲೆಮೂಲೆ ಬಿಡದೆ ತಿಕ್ಕಿದೆ. ಈ ನಡುವೆ ತಮ್ಮ ಸಹಾಯವಾಣಿಗೂ ಕರೆ ಮಾಡಿ, ಗಾಬರಿಯಲ್ಲಿ, ಗೋಸುಂಬೆಗೆ ಏನಾದರೂ ಔಷಧಿ ಇದೆಯೇ ಎಂದು ಕೇಳಿದೆ. ಅಲ್ಲಿನ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ, “ಗೋಸುಂಬೆಗೆ ಇಲ್ಲ ಸರ್, ಹಲ್ಲಿಗಿದೆ. ಹೊಡೆದ್ರೆ ಅರ್ಧ ಗಂಟೇಲಿ ಉದುರಿ ಬೀಳುತ್ತೆ” ಎಂದರು.

ಅವರದೇನೂ ತಪ್ಪಿಲ್ಲ. ಕೆಮ್ಮಿನ ಔಷಧಿ ಕೆಮ್ಮನ್ನು ಕೊಲ್ಲುತ್ತದೆ, ಇಲಿಯ ಔಷಧಿ ಇಲಿಯನ್ನು ಕೊಲ್ಲುತ್ತದೆ. ಗೋಸುಂಬೆಯ ಔಷಧಿ ಕೇಳಿದವನಿಗೆ ಗೋಸುಂಬೆ ಉಳಿಯಬೇಕಾಗಿದೆ ಎಂದು ಯಾರಿಗೆ ಹೊಳೆಯಬೇಕು?

ಮೂರು ದಿನ ದೊರೆ ಕಪ್ಪಿಟ್ಟು, ಹಗಲಲ್ಲೇ ಕಣ್ಣು ಮುಚ್ಚಿ ಕೂತಿತು. ಆಸ್ಪತ್ರೆಯಿಂದ ಬಂದ ಅತ್ತೆಯವರು ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು, ಪಟ್ಟಿಯಿಲ್ಲದ ಒಂದೇ ಕಣ್ಣಿನಿಂದ ಅದನ್ನು ನೋಡುತ್ತ ಕೂತರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ನಾಚಿಕೆಯಿಂದ ನಾನು ಮಹಡಿಗೆ ಹೋಗಿ ಎಲೆಗಳನ್ನು ಒಂದೊಂದಾಗಿ ತೊಳೆದೆ, ಹಳೆಯ ಮಣ್ಣು ಚೆಲ್ಲಿ ಹೊಸದು ತುಂಬಿದೆ, ಕಡ್ಡಿಗೆ ಹತ್ತಿ ಸುತ್ತಿ ಹುಳು ಒರೆಸಿದೆ. ಆ ಹುಳುಗಳು ಬಹುತೇಕ ಜೀವಂತವಾಗಿದ್ದವು. ಸುರಕ್ಷತೆಯ ಬಗ್ಗೆ ತಾವು ಕೊಟ್ಟ ಮಾತು ಅವುಗಳ ಮಟ್ಟಿಗೆ ಅಕ್ಷರಶಃ ನಿಜ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಬಾಟಲಿಯ ಹಿಂಭಾಗವನ್ನು ಮುಂದಕ್ಕೂ ಮುಂಭಾಗವನ್ನು ಹಿಂದಕ್ಕೂ ತಿರುಗಿಸಿ, ಹೆಬ್ಬೆರಳಿನ ಗಾತ್ರದಲ್ಲಿ ‘ವಿಷ’ ಎಂದು ಬರೆಯಿಸಬೇಕು. ಅದು ವ್ಯಾಪಾರಕ್ಕೆ ಒಗ್ಗದಿದ್ದರೆ, ತಾವು ಕುಟುಂಬ ಸಮೇತರಾಗಿ ಒಂದು ವಾರ ಲೋಟಗಳನ್ನು ಬದಿಗಿಟ್ಟು, ಔಷಧಿ ಹೊಡೆದ ದಾಸವಾಳದ ಎಲೆಯಿಂದಲೇ ನೀರು ನೆಕ್ಕಿ ಬಾಯಾರಿಕೆ ನೀಗಿಸಿಕೊಂಡು, ಅನುಭವವನ್ನು ಬಾಟಲಿಯ ಮೇಲೆ ಅಚ್ಚು ಹಾಕಿಸಬೇಕು.

ನಾಲ್ಕನೆಯ ದಿನ ಮಧ್ಯಾಹ್ನ ದೊರೆ ಒಂದು ಕಣ್ಣು ತೆರೆದು, ಅತ್ತೆಯವರು ಮುಂದೆ ಬಿಟ್ಟಿದ್ದ ಮಿಡತೆಯನ್ನು ಕಣ್ಣಲ್ಲೇ ಅಳೆದು, ಚಟಕ್ಕನೆ ನಾಲಿಗೆ ಬೀಸಿ ನುಂಗಿತು. ಹೆಂಡತಿ ಕಣ್ಣೊರೆಸಿಕೊಂಡಳು, ನಾನೂ. ಅತ್ತೆಯವರು ಎದ್ದು ಹೋಗಿ, ಅಲ್ಲಿಯವರೆಗೆ ಮಗಳಿಂದ ಮಾತ್ರ ಹಾಕಿಸಿಕೊಳ್ಳುತ್ತಿದ್ದ ತಮ್ಮ ಕಣ್ಣಿನ ಹನಿಗಳ ಸೀಸೆ ತಂದು ನನ್ನ ಕೈಗಿಟ್ಟು, ಕುರ್ಚಿಗೆ ತಲೆ ಆನಿಸಿ ಕಣ್ಣು ತೆರೆದರು. “ಮೊದ್ಲು ಹೆಸರು ಓದಿ ಹೇಳಿ, ಅಳಿಯಂದ್ರೇ,” ಎಂದರು. “ಆಮೇಲೆ ಹಾಕಿ.”

ಓದಿದೆ, ಮಾನ್ಯರೇ. ಹಿಂದೆ ಮುಂದೆ ಎರಡೂ ಕಡೆ, ಮೂರು ಸಲ, ಗಟ್ಟಿಯಾಗಿ ಓದಿದೆ.

ಇಂತಿ,
ಇನ್ನು ಮುಂದೆ ಬಾಟಲಿಯ ಬೆನ್ನನ್ನೇ ಮೊದಲು ಓದುವ
ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯವನು

ವಿ.ಸೂ.: ಉಳಿದ ಮುಕ್ಕಾಲು ಬಾಟಲಿಯನ್ನು ಪಾರ್ಸೆಲ್ ಮೂಲಕ ತಮಗೇ ಮರಳಿಸಿದ್ದೇನೆ. ಕೌಂಟರಿನವರು ಒಳಗೇನಿದೆ ಎಂದು ಕೇಳಿದಾಗ ವಿಷ ಎಂದೆ. ಕೈ ಹಿಂದಕ್ಕೆಳೆದುಕೊಂಡು, ಸಾಧ್ಯವೇ ಇಲ್ಲವೆಂದರು. ತಮ್ಮ ಬರಹವನ್ನು ತೋರಿಸಿದ ಕೂಡಲೇ ಮುಖ ಅರಳಿಸಿ, ಎರಡೂ ಕೈಯಿಂದ ಜೋಪಾನವಾಗಿ ತೆಗೆದುಕೊಂಡು, ಪಾಪ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದರು. ತಮ್ಮ ವಿಳಾಸ ಕೊಟ್ಟಿದ್ದೇನೆ.